ಬೆಂಗಳೂರು–ಮಂಗಳೂರು ವಿಮಾನ: ಮನೆಯಿಂದ ಮನೆಗೆ ನಿಜವಾಗಿ ಎಷ್ಟು ಹೊತ್ತು?

ಪ್ರಶ್ನೆ: ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಅಮ್ಮನನ್ನು ಜಯನಗರದಿಂದ ಪುತ್ತೂರಿನ ತವರಿಗೆ ಕರೆದುಕೊಂಡು ಹೋಗಬೇಕು. ವಯಸ್ಸು 72, ಮೊಣಕಾಲಿನ ಆಪರೇಷನ್ ಆಗಿದೆ. ಕಾರಲ್ಲಿ ಶಿರಾಡಿ ದಾಟಿ ಏಳೆಂಟು ಗಂಟೆ ಕೂರುವುದು ಕಷ್ಟ. ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿದೆ. ಹೋಗಿಬಂದವರು ದಯವಿಟ್ಟು ಹೇಳಿ.

ಬನಶಂಕರಿಯಿಂದ: ದೇವನಹಳ್ಳಿಯಿಂದ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಗೆ ಆಕಾಶದ ದಾರಿ 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಮೇಲೆ ಹಾರುವುದು ಮುಕ್ಕಾಲು ಗಂಟೆ. ಹೊತ್ತೆಲ್ಲ ಹೋಗುವುದು ನೆಲದ ಮೇಲೆ. ಜಯನಗರದಿಂದ ದೇವನಹಳ್ಳಿಗೇ 40 ಕಿ.ಮೀ. ದಾಟುತ್ತದೆ. ಬೆಳಗಿನ ಜಾವ ಒಂದು ಗಂಟೆ ಸಾಕು, ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆ. ವಿಮಾನಕ್ಕೆ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಇಳಿದು ಲಗೇಜು ತೆಗೆದುಕೊಂಡ ಮೇಲೆ ಪುತ್ತೂರಿಗೆ ಮತ್ತೆ ಒಂದೂವರೆ ಗಂಟೆ. ಕೂಡಿಸಿದರೆ ಆರು, ಆರೂವರೆ. ಸಮಯ ಬಹಳ ಉಳಿಯುವುದಿಲ್ಲ. ಆದರೆ ಒಂದೇ ಸಮನೆ ಕೂರುವುದು ತಪ್ಪುತ್ತದೆ. ನಿಮ್ಮ ಅಮ್ಮನಿಗೆ ಬೇಕಾಗಿರುವುದು ಅದೇ ಅಲ್ವಾ?

ಸುರತ್ಕಲ್‌ನಿಂದ: ಮಳೆಗಾಲ ಅನ್ನುವುದು ಮರೆಯಬೇಡಿ. ಬಜ್ಪೆಯ ರನ್‌ವೇ ಇರುವುದು ಗುಡ್ಡದ ತಲೆಯ ಮೇಲೆ. ಮೋಡ ಕೆಳಗಿಳಿದರೆ ಪೈಲಟ್‌ಗೆ ರನ್‌ವೇ ಕಾಣುವುದಿಲ್ಲ. ಕಳೆದ ಆಟಿಯಲ್ಲಿ ನಮ್ಮ ವಿಮಾನ ಎರಡು ಸುತ್ತು ಹೊಡೆದು ಬೆಂಗಳೂರಿಗೇ ವಾಪಸ್ ಹೋಯಿತು. ಸಂಜೆ ಮತ್ತೆ ಕರೆತಂದರು. ಅಮ್ಮನ ಮಾತ್ರೆ, ಸ್ವಲ್ಪ ತಿಂಡಿ ಕೈಚೀಲದಲ್ಲೇ ಇರಲಿ. ಕೊನೆಯ ವಿಮಾನ ಬೇಡ, ಅದು ತಪ್ಪಿದರೆ ರಾತ್ರಿ ಪೂರ್ತಿ ಪರದಾಟ.

ಮೈಸೂರಿನಿಂದ: ನನ್ನ ಅತ್ತೆಗೂ ಇದೇ ಆಪರೇಷನ್ ಆಗಿತ್ತು. ವೀಲ್‌ಚೇರ್ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ಸುಮ್ನೆ ವೀಲ್‌ಚೇರ್ ಅಂದರೆ ಸಾಲದು, ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದು ಬಿಡಿಸಿ ಹೇಳಬೇಕು. ನಾವು ಹೇಳಿರಲಿಲ್ಲ, ಅತ್ತೆ ವಿಮಾನದ ಮೆಟ್ಟಿಲ ಬುಡದಲ್ಲಿ ನಿಂತು ಕಣ್ಣೀರು ಹಾಕಿದ್ದು ನನಗೆ ಇನ್ನೂ ನೆನಪಿದೆ. ಫ್ಯಾನಿನ ಎಟಿಆರ್ ವಿಮಾನವಾದರೆ ಹತ್ತುವ ಬಾಗಿಲು ಹಿಂದುಗಡೆ ಇರುತ್ತದೆ, ಹಿಂದಿನ ಸಾಲಿನ ಸೀಟೇ ತೆಗೆದುಕೊಳ್ಳಿ. ಮೊಣಕಾಲಲ್ಲಿ ಲೋಹ ಇದ್ದರೆ ತಪಾಸಣೆಯಲ್ಲಿ ಬೀಪ್ ಬರುತ್ತದೆ. ಮೊದಲೇ ತಿಳಿಸಿದರೆ ಕೂರಿಸಿ ನೋಡುತ್ತಾರೆ.

ಪುತ್ತೂರಿನಿಂದ: ರಾತ್ರಿ ರೈಲು ಯಾಕೆ ಬೇಡ ಅಕ್ಕಾ? ಕೆಳಗಿನ ಬರ್ತ್ ಸಿಕ್ಕರೆ ಕಾಲು ಚಾಚಿ ಮಲಗಬಹುದು, ಬೆಳಗ್ಗೆ ಕಬಕ ಪುತ್ತೂರು ಸ್ಟೇಷನ್ನಿನಲ್ಲೇ ಇಳಿಯಬಹುದು. ಜೋರು ಮಳೆಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿಯ ಮೇಲೆ ಮಣ್ಣು ಕುಸಿಯುವುದುಂಟು, ಆ ವಾರದ ಸುದ್ದಿ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ರೈಲಿನ ಮೆಟ್ಟಿಲು ಹತ್ತಿಸುವುದೇ ಈಗ ಕಷ್ಟ. ಹಾಗಾಗಿ ಬೆಳಗಿನ ವಿಮಾನ ಬುಕ್ ಮಾಡಿದೆ, ಮೆಟ್ಟಿಲಿನ ವಿಷಯವನ್ನೂ ಫೋನಿನಲ್ಲಿ ಬಿಡಿಸಿ ಹೇಳಿದೆ. ಬಜ್ಪೆಗೆ ಮಾವ ಕಾರು ತರುತ್ತಾರೆ. ಅಮ್ಮ ಈಗಲೇ ಪತ್ರೊಡೆ ಮಾಡಿಡಲು ಹೇಳಿ ಕಳಿಸಿದ್ದಾರೆ.