ಅಪ್‌ಡೇಟ್: ನಮ್ಮ ಬೆಕ್ಕಿನ ಭೇದಿಗೆ ಕಾರಣ ತಿಳಿಯಿತು

ಎಂಟು ತಿಂಗಳ ಚಿನ್ನಿಗೆ ಮೂರು ವಾರದಿಂದ ಭೇದಿ ನಿಲ್ಲುತ್ತಿಲ್ಲ, ಹಾಲು ಬಿಡಿಸಿ ಮೊಸರನ್ನ ಕೊಟ್ಟರೂ ಗುಣವಿಲ್ಲ ಎಂದು ಬರೆದಿದ್ದೆ. ಮಲ ಪರೀಕ್ಷೆ ಮಾಡಿಸಲೇಬೇಕೆಂದು ಒತ್ತಾಯಿಸಿದವರಿಗೆ ನಾನು ಋಣಿ.

ಮೊದಲ ಮಾದರಿಯಲ್ಲಿ ಏನೂ ಕಾಣಲಿಲ್ಲ. ಆದರೆ ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿಯು ಪ್ರತಿದಿನವೂ ಮಲದಲ್ಲಿ ಹೊರಬೀಳುವುದಿಲ್ಲವಾದ್ದರಿಂದ, ವೈದ್ಯರು ದಿನ ಬಿಟ್ಟು ದಿನ ಇನ್ನೆರಡು ಮಾದರಿಗಳನ್ನು ತರಿಸಿಕೊಂಡರು. ಮೂರನೆಯದರಲ್ಲಿ ಅದು ಸಿಕ್ಕಿತು. ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂನಂತೆ ಫೆನ್‌ಬೆಂಡಜೋಲ್ ಔಷಧವನ್ನು ದಿನಕ್ಕೊಮ್ಮೆ 5 ದಿನ ಕೊಡಲು ಹೇಳಿದರು. ಚಿನ್ನಿಯ ತೂಕ 2.4 ಕಿಲೋ, ಹಾಗಾಗಿ 120 ಮಿಲಿಗ್ರಾಂ. ಸೂಜಿಯಿಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ಇಟ್ಟು ಹನಿಹನಿಯಾಗಿ ಬಿಟ್ಟಾಗ ಮಾತ್ರ ಅವಳು ಉಗುಳದೆ ನುಂಗಿದಳು.

ಔಷಧದಷ್ಟೇ ಶ್ರಮ ಸ್ವಚ್ಛತೆಗೂ ಬೇಕಾಯಿತು. ಬಾಲದ ಕೆಳಗಿನ ರೋಮಕ್ಕೆ ಅಂಟಿದ ಮಲವನ್ನು ನೆಕ್ಕಿದರೆ ಸೋಂಕು ಮತ್ತೆ ಹೊಟ್ಟೆ ಸೇರುತ್ತದೆಂದು ವೈದ್ಯರು ಎಚ್ಚರಿಸಿದ್ದರಿಂದ, ಕೊನೆಯ ದಿನ ಅವಳಿಗೆ ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿಸಿ, ಮಲದ ಟ್ರೇಯನ್ನು ಕುದಿಯುವ ನೀರಿನಿಂದ ತೊಳೆದು ಬಿಸಿಲಿಗಿಟ್ಟೆವು. ಆಹಾರಕ್ಕೆ ಉಪ್ಪು, ಮಸಾಲೆಯಿಲ್ಲದೆ ಬೇಯಿಸಿದ ಕೋಳಿಮಾಂಸವನ್ನಷ್ಟೇ ಕೊಟ್ಟೆವು.

ನಾಲ್ಕನೆಯ ದಿನ ಮಲ ಗಟ್ಟಿಯಾಯಿತು. ಇಂದಿಗೆ ಹತ್ತು ದಿನವಾದರೂ ಭೇದಿ ಮರುಕಳಿಸಿಲ್ಲ. ಮುಂದಿನ ವಾರ ಮತ್ತೊಮ್ಮೆ ಪರೀಕ್ಷೆಯಿದೆ.