ಅತ್ತೆಯವರ ವಹಿಯಲ್ಲಿರುವ ಚಿಟ್ಟೆಗಳನ್ನು ದಾಖಲಿಸುವುದು ಹೇಗೆ?

ಪ್ರಶ್ನೆ (ಪಾಷಾಣ, ಪುಣೆ)

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬಂದು ನಮ್ಮೊಡನೆ ಇರುವ ಅತ್ತೆಯವರು ಕಳೆದ ಮಳೆಗಾಲದಿಂದ, ನಮ್ಮ ಬಾಲ್ಕನಿಯ ಕುಂಡಗಳಿಗೆ ಬರುವ ಚಿಟ್ಟೆಗಳನ್ನೂ, ಪಾಷಾಣ ಕೆರೆಯ ದಂಡೆಯಲ್ಲಿ ಕಾಣುವ, ಇಲ್ಲಿಯವರು ‘ಟಾಚಣಿ’ ಎಂದು ಕರೆಯುವ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಸಪೂರ ಕೀಟಗಳಾದ ಡ್ಯಾಮ್ಸೆಲ್‌ಫ್ಲೈಗಳನ್ನೂ ದಿನಾಂಕ, ಹೊತ್ತುಗಳ ಸಹಿತ ವಹಿಯಲ್ಲಿ ಬರೆದಿಡುತ್ತಿದ್ದಾರೆ. ಫೋಟೊ ತೆಗೆಯುವುದು ನನ್ನ ಪಾಲಿನ ಕೆಲಸ. ಇವನ್ನು, ಕಂಡ ಜೀವಿಗಳನ್ನು ಯಾರಾದರೂ ದಾಖಲಿಸಬಹುದಾದ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಸೇರಿಸಬೇಕೆಂದಿದ್ದೇನೆ. ಆದರೆ ಅವರು ಬರೆದಿರುವುದು ‘ನಿಂಬೆಗಿಡದ ಚಿಟ್ಟೆ’, ‘ಕೆಂಪು ಸೂಜಿ’, ‘ಹಸಿರು ಸೂಜಿ’ ಎಂಬಂಥ ಹೆಸರುಗಳನ್ನು. ಫೋಟೊ ಇಲ್ಲದ ನಮೂದುಗಳೂ ಬಹಳ ಇವೆ. ಯಾರ ಖಾತೆಯಲ್ಲಿ, ಯಾವ ಹೆಸರಿನಿಂದ ದಾಖಲಿಸಬೇಕು?

ಉತ್ತರ (ಬೋರಿವಲಿ, ಮುಂಬಯಿ)

ಕಂಡವರು ಅತ್ತೆಯವರಾದರೆ ಅವರಿಗೇ ಒಂದು ಖಾತೆ ತೆರೆದುಕೊಡಿ. ಅಲ್ಲಿ ಖಾತೆ ಒಬ್ಬೊಬ್ಬರದು, ಮನೆಯವರೆಲ್ಲರದಲ್ಲ. ಫೋಟೊ ಇಲ್ಲದ ನಮೂದುಗಳನ್ನೂ ಸೇರಿಸಬಹುದು, ಆದರೆ ಅವು ‘ರಿಸರ್ಚ್ ಗ್ರೇಡ್’, ಅಂದರೆ ಸಂಶೋಧನೆಗೆ ಬಳಸಬಹುದಾದ ಮಟ್ಟಕ್ಕೆ ಏರುವುದಿಲ್ಲ.

ಅವರಿಟ್ಟ ಹೆಸರುಗಳನ್ನು ದಯವಿಟ್ಟು ಅಳಿಸಬೇಡಿ. ‘ನಿಂಬೆಗಿಡದ’ ಎಂಬ ಒಂದೇ ಮಾತಿನಲ್ಲಿ ಆ ಚಿಟ್ಟೆ ಯಾವ ಗಿಡಕ್ಕೆ ಬಂದಿತ್ತೆಂಬ ಮಾಹಿತಿ ಇದೆ, ನಮ್ಮ ಎಷ್ಟೋ ಚೆಂದದ ಫೋಟೊಗಳಲ್ಲಿ ಅದು ಸಿಗುವುದಿಲ್ಲ. ಆದರೆ ಆ ಹೆಸರೊಂದರಿಂದಲೇ ಪ್ರಭೇದವನ್ನು ನಿರ್ಧರಿಸಲಾಗದು: ಲೈಮ್ ಚಿಟ್ಟೆ, ಕಾಮನ್ ಮಾರ್ಮನ್, 2015ರಲ್ಲಿ ಮಹಾರಾಷ್ಟ್ರದ ರಾಜ್ಯ ಚಿಟ್ಟೆಯಾದ ಬ್ಲೂ ಮಾರ್ಮನ್, ಈ ಮೂರೂ ನಿಂಬೆಯ ಜಾತಿಯ ಗಿಡಗಳಲ್ಲೇ ಮೊಟ್ಟೆಯಿಡುತ್ತವೆ. ಮೂರೂ ಪ್ಯಾಪಿಲಿಯೊ ಎಂಬ ಒಂದೇ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪಿಗೆ) ಸೇರಿದವು. ಸಂದೇಹವಿದ್ದಲ್ಲಿ ಕುಲದ ಹೆಸರಿಗೇ ನಿಲ್ಲಿಸಿ, ಅತ್ತೆಯವರ ಮಾತನ್ನು ಟಿಪ್ಪಣಿಯಲ್ಲಿ ಹಾಗೆಯೇ ಕನ್ನಡದಲ್ಲಿ ಬರೆಯಿರಿ.

ಉತ್ತರ (ಮಡಗಾಂವ್, ಗೋವಾ)

‘ಕೆಂಪು ಸೂಜಿ’ಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅಗ್ರಿಯೊಕ್ನೆಮಿಸ್ ಪಿಗ್ಮಿಯಾ ಎಂಬ ಪುಟ್ಟ ಡ್ಯಾಮ್ಸೆಲ್‌ಫ್ಲೈ ಪ್ರಭೇದದಲ್ಲಿ ಎಳೆಯ ಹೆಣ್ಣು ಕೆಂಪಾಗಿದ್ದು, ಬಲಿತಂತೆ ಹಸಿರಿಗೆ ತಿರುಗುತ್ತದೆ. ಹೀಗಾಗಿ ವಹಿಯ ಎರಡು ಹೆಸರುಗಳು ಒಂದೇ ಕೀಟದ್ದಾಗಿರಬಹುದು. ಬಣ್ಣವನ್ನಷ್ಟೇ ನಂಬದೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಗಂಡಾದರೆ ಬಾಲದ ತುದಿಯ ಚಿಮಟದಂಥ ಅಂಗಗಳು ಸ್ಪಷ್ಟವಾಗಿ ಕಾಣಬೇಕು, ಏಕೆಂದರೆ ಒಂದನ್ನೊಂದು ಹೋಲುವ ಪ್ರಭೇದಗಳನ್ನು ಬೇರ್ಪಡಿಸುವುದು ಬಹಳ ಸಲ ಅವುಗಳಿಂದಲೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅತ್ತೆಯವರಿಗೆ ಓದಿ ಹೇಳಿದೆ. ‘ಕೆಂಪು ಸೂಜಿ’, ‘ಹಸಿರು ಸೂಜಿ’ ಎಂಬ ಸಾಲುಗಳ ಪಕ್ಕದಲ್ಲಿ ಅವರೇ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಇಂದು ಬೆಳಿಗ್ಗೆ ನಮ್ಮ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಎಳೆಯ ಹುಳು ಸಿಕ್ಕಿದೆ. ಅದು ಚಿಟ್ಟೆಯಾಗಿ ಹೊರಬರುವವರೆಗೆ ಪ್ರಭೇದದ ಹೆಸರು ಬರೆಯಬಾರದೆಂದು ಅವರ ಅಪ್ಪಣೆಯಾಗಿದೆ.