ಅಪ್ಪನ ಕಾಲಿನ ಕೀವಿಗೆ ಕಲ್ಚರ್ ಮಾಡಿಸಲೇಬೇಕಾ?

ಸಿಂಧನೂರು_ಗದ್ದೆ: ಎಂಟು ದಿನದ ಹಿಂದೆ ಬದುವಿನ ಮೇಲೆ ನಡೆಯುವಾಗ ಅಪ್ಪನ ಮೀನಖಂಡಕ್ಕೆ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿತು. ಮನೆಯಲ್ಲೇ ಕಿತ್ತು ಅರಿಶಿನ ಹಚ್ಚಿದರು. ಈಗ ನಿಂಬೆಹಣ್ಣಿನಷ್ಟು ಕುರು, ಸುತ್ತ ಕೆಂಪು. ಶುಗರ್ ಬೇರೆ ಇದೆ. ಮೆಡಿಕಲ್ ಶಾಪಿನ ಮಾತ್ರೆ ಮೂರು ದಿನ ನುಂಗಿ, ನೋವು ಕಮ್ಮಿ ಆಯ್ತು ಅಂತ ಬಿಟ್ಟರು, ಮತ್ತೆ ಜಾಸ್ತಿ ಆಯ್ತು. ಡಾಕ್ಟರು ಕುರು ಕೊಯ್ದು ಕೀವನ್ನು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸೋಣ ಅಂತಾರೆ. ವರದಿಗೆ ಎರಡು ಮೂರು ದಿನವಂತೆ. ಅಲ್ಲೀವರೆಗೂ ಕಾಯಬೇಕಾ? ಸುಮ್ನೆ ಖರ್ಚು ಅಲ್ವಾ?

ಕೊಪ್ಪಳ_ಲ್ಯಾಬ್_ಅಕ್ಕ: ಸುಮ್ನೆ ಅಲ್ಲ ತಮ್ಮಾ, ಮಾಡಿಸಿ. ಕೀವು ತುಂಬಿದ ಕುರುವಿಗೆ ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್ (ಸ್ಟ್ಯಾಫ್) ಅನ್ನುವ ಬ್ಯಾಕ್ಟೀರಿಯಾ ಕಾರಣ. ಮೈಕ್ರೋಸ್ಕೋಪಿನಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತದೆ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ತೊಂದರೆ ಕೊಡದೆ ಇರುತ್ತದೆ, ಚರ್ಮ ತೂತಾದರೆ ಒಳಗೆ ಇಳಿಯುತ್ತದೆ. ಕೀವಿಲ್ಲದೆ ಬರೀ ಕೆಂಪು ಹರಡಿದರೆ ಹೆಚ್ಚಾಗಿ ಸ್ಟ್ರೆಪ್ಟೋಕಾಕಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ, ಅದು ಮಣಿಸರದ ಹಾಗೆ ಸಾಲಾಗಿರುತ್ತದೆ.

ಸ್ಟ್ಯಾಫ್ ಕೊಲ್ಲಲು ಮೆಥಿಸಿಲಿನ್ ಔಷಧಿ 1959ರಲ್ಲಿ ಬಂತು, 1961ಕ್ಕೇ ಅದಕ್ಕೆ ಬಗ್ಗದ ಸ್ಟ್ಯಾಫ್ ಇಂಗ್ಲೆಂಡಿನಲ್ಲಿ ಸಿಕ್ಕಿತು. ಅದೇ ಎಂಆರ್‌ಎಸ್‌ಎ. ಸೆಫಲೆಕ್ಸಿನ್, ಅಮಾಕ್ಸಿಸಿಲಿನ್ ಅಂಥ ಮಾತ್ರೆಗೂ ಅದು ಜಗ್ಗುವುದಿಲ್ಲ. ಮಾಮೂಲಿ ಸ್ಟ್ಯಾಫೋ ಎಂಆರ್‌ಎಸ್‌ಎಯೋ ಅಂತ ಕಾಲು ನೋಡಿ ಹೇಳಲು ಆಗುವುದಿಲ್ಲ, ನಾವು ಕೀವಿನ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧಿಯ ಸಣ್ಣ ಬಿಲ್ಲೆಗಳನ್ನಿಟ್ಟು, ಯಾವುದರ ಸುತ್ತ ರೋಗಾಣು ಬೆಳೆಯದೆ ನಿಂತುಹೋಗಿದೆ ಅಂತ ನೋಡುತ್ತೇವೆ. ಔಷಧಿಗೆ ಕಾಯಬೇಕಿಲ್ಲ, ಕೀವು ತೆಗೆದ ದಿನವೇ ಶುರು ಮಾಡುತ್ತಾರೆ, ವರದಿ ನೋಡಿ ಬೇಕಾದರೆ ಬದಲಿಸುತ್ತಾರೆ. ಇಂಥ ಕುರುವಿಗೆ ಕೊಯ್ದು ಕೀವು ತೆಗೆಯುವುದೇ ದೊಡ್ಡ ಮದ್ದು. ಮನೆಯಲ್ಲಿ ಹಿಂಡಬೇಡಿ. ಆ ಮೂರು ದಿನದ ಮಾತ್ರೆಯ ಖಾಲಿ ಪಟ್ಟಿ ಇದ್ದರೆ ಡಾಕ್ಟರಿಗೆ ತೋರಿಸಿ.

ರಾಯಚೂರು_ಮಗಳು: ಅಣ್ಣಾ, ನಮ್ಮಮ್ಮನಿಗೂ ಶುಗರ್, ಹೋದ ವರ್ಷ ಹೀಗೇ ಆಗಿತ್ತು. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಟೈಮ್ ಬರೆದಿಡಿ ಅಂತ ನರ್ಸ್ ಹೇಳಿದ್ದರು. ರಾತ್ರಿ ಗೆರೆ ದಾಟಿದ್ದು ಕಂಡಿತು, ಅದಕ್ಕೇ ಬೆಳಗಿನವರೆಗೆ ಕಾಯದೆ ಹೊರಟೆವು. ಮೇಲೆ ಕಾಣುವುದಕ್ಕಿಂತ ನೋವು ತುಂಬಾ ಜಾಸ್ತಿ ಇದ್ದರೆ, ಚರ್ಮ ಕಪ್ಪಾದರೆ, ನೀರುಗುಳ್ಳೆ ಎದ್ದರೆ, ಚಳಿಜ್ವರ ಬಂದು ಮಾತು ತಡವರಿಸಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಒಳಗಿನ ಮಾಂಸ ಕೊಳೆಯುತ್ತಿದ್ದರೆ ಗಂಟೆಗಳ ಲೆಕ್ಕ ಅಣ್ಣಾ, ದಿನಗಳದ್ದಲ್ಲ.

ಸಿಂಧನೂರು_ಗದ್ದೆ: ಇಬ್ಬರಿಗೂ ಥ್ಯಾಂಕ್ಸ್ ಅಕ್ಕಾ, ತಂಗಿ. ಕೊಯ್ಸಿಕೊಂಡು ಬಂದೆವು. ಮುಳ್ಳಿನ ತುದಿ ಒಳಗೇ ಮುರಿದು ಕೂತಿತ್ತು! ಕೀವು ಲ್ಯಾಬಿಗೆ ಹೋಗಿದೆ, ಮಾತ್ರೆ ಶುರುವಾಗಿದೆ, ಗೆರೆ ಎಳೆದಿದ್ದೇನೆ, ಸಂಜೆ ಆರು ಗಂಟೆ.